ಆಕಾಶಕ್ಕೆ ವಾಕ್ಯ ಬೇಡ

ಮಂಗಳೂರು ಬಲ್ಮಠದ ಕಡೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ವಾಕ್ಯವಿಲ್ಲದ ಗೋಡೆ ಹುಡುಕುವುದೂ ಒಂದೇ, ಆಗಸ್ಟ್ ತಿಂಗಳಲ್ಲಿ ದೋಹಾದಲ್ಲಿ ತಣ್ಣೀರು ಬರುವ ನಲ್ಲಿ ಹುಡುಕುವುದೂ ಒಂದೇ. ವಾಕ್ಯ ಅಂದರೆ ದೇವರ ವಾಕ್ಯ. ಕ್ಯಾಲೆಂಡರಿನಲ್ಲಿ ವಾಕ್ಯ, ಗಡಿಯಾರದ ಕೆಳಗೆ ವಾಕ್ಯ, ಮದುವೆ ಫೋಟೋದ ಅಂಚಿನಲ್ಲಿ ವಾಕ್ಯ. ಬೆಟ್ಟದ್ದೋ ಹೊಳೆಯದ್ದೋ ಚಿತ್ರ ತೂಗು ಹಾಕಿದರೆ ಅದರಲ್ಲಿ ಆಕಾಶ ಇರುವುದೇ ಅಕ್ಷರ ಕೂರಿಸಲಿಕ್ಕೆ. ಜರ್ಮನ್ ಪಾದ್ರಿಗಳ ಕಾಲದಿಂದ ಬಂದ ಅಭ್ಯಾಸ ಅನ್ನುತ್ತಾರೆ. ಪಾದ್ರಿಗಳ ಹೆಂಡತಿಯರು ಊರಿನ ಹೆಣ್ಣುಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಸೂಜಿ ಹಿಡಿಸಿದರಂತೆ. ಹೂವಾಗಲಿ ಹಕ್ಕಿಯಾಗಲಿ, ಕೊನೆಗೆ ಒಂದು ವಾಕ್ಯ ಹಾಕಿದ ಮೇಲೆಯೇ ಕಸೂತಿ ಮುಗಿದ ಲೆಕ್ಕ.

ಈ ಅಭ್ಯಾಸಕ್ಕೆ ಎದುರು ನಿಂತ ಹೆಂಗಸು ಯಾರೋ ಓದಿ ತಲೆ ಕೆಡಿಸಿಕೊಂಡವಳಲ್ಲ. ದೋಹಾದ ಅಲ್ ಸದ್ದ್‌ನ ಒಂದು ಪರದೆ ಅಂಗಡಿಯಲ್ಲಿ ಅಂಚು ಹೊಲಿಯುವ ರತ್ನಪ್ರಭಾ. ಅಂಗಡಿಯಲ್ಲೂ ಚರ್ಚಿನ ಸಭೆಯಲ್ಲೂ ಎಲ್ಲರಿಗೂ ರತ್ನಕ್ಕ. ಅಲ್ಲಿ ರಜೆ ಶುಕ್ರವಾರ, ಆರಾಧನೆಯೂ ಅಂದೇ; ಒಂದೇ ಒಂದು ಶುಕ್ರವಾರ ತಪ್ಪಿಸಿದವರಲ್ಲ, ಹಾಡಿನ ಪುಸ್ತಕ ಬಿಡಿಸದೆ ಅಷ್ಟೂ ಹಾಡು ಹಾಡುವವರು. ಅವರಿಗೆ ದೇವರ ಮೇಲೆ ಜಗಳವಿರಲಿಲ್ಲ. ಜಗಳವಿದ್ದದ್ದು ದೇವರ ಪರವಾಗಿ ವಕಾಲತ್ತು ಹಾಕುವವರ ಮೇಲೆ.

ಮದುವೆಯಾಗಿ ದೋಹಾಕ್ಕೆ ಬಂದಾಗ ರತ್ನಕ್ಕನಿಗೆ ಬರುತ್ತಿದ್ದ ಭಾಷೆ ಕನ್ನಡ ಮತ್ತು ತುಳು. ಗಂಡ ಜಯಶೀಲ ಬಂದರಿನ ಗೋದಾಮಿನಲ್ಲಿ ಕೆಲಸದಲ್ಲಿದ್ದ. ಮಗ ಸುಪ್ರೀತ್ ಐದನೇ ಕ್ಲಾಸಿನಲ್ಲಿದ್ದಾಗ ಸಕ್ಕರೆ ಕಾಯಿಲೆ ಜಯಶೀಲನನ್ನು ತೆಗೆದುಕೊಂಡು ಹೋಯಿತು. ಊರಿಗೆ ವಾಪಸ್ ಬಾ ಅಂದವರೇ ಎಲ್ಲರೂ. ರತ್ನಕ್ಕ ಕಿವಿಗೆ ಹಾಕಿಕೊಳ್ಳದೆ ಪರದೆ ಅಂಗಡಿಗೆ ಸೇರಿ, ಹಿಂದಿ, ಮಲಯಾಳ, ಇಂಗ್ಲಿಷು, ಸ್ವಲ್ಪ ಅರಬ್ಬಿ ಎಲ್ಲವನ್ನೂ ಗಿರಾಕಿಗಳ ಬಾಯಿಂದಲೇ ಕಲಿತು, ಮಗನನ್ನು ಓದಿಸಿದರು. ಜಯಶೀಲನ ತಮ್ಮ ಕ್ಯಾಲ್ವಿನ್ ಕೂಡ ದೋಹಾದಲ್ಲೇ ಇದ್ದ. ಒಂದು ಕಂಪೆನಿಯ ಆಫೀಸಿನಲ್ಲಿ ದೊಡ್ಡ ಕೆಲಸ, ಕನ್ನಡ ಸಭೆಯಲ್ಲಿ ಹಿರಿಯನ ಸ್ಥಾನ. ಕೆಟ್ಟವನಲ್ಲ. ಕರೆದರೆ ಬರುವವನು, ಕರೆಯದಿದ್ದರೂ ಬರುವವನು, ಅದೇ ಅವನ ತೊಂದರೆ.

ಸುಪ್ರೀತ್ ಮಾತು ಕಡಿಮೆಯ ಹುಡುಗ. ಕೆಲಸಕ್ಕೆ ಸೇರಿ ಹಳೆಯ ಕಾರೊಂದನ್ನು ಕೊಂಡ ಮೇಲೆ ಶುಕ್ರವಾರ ಆರಾಧನೆ ಮುಗಿಸಿ, ಊಟ ಮಾಡಿ, ದುಖಾನ್ ರಸ್ತೆ ಹಿಡಿದು ಒಬ್ಬನೇ ಹೋಗಿಬಿಡುತ್ತಿದ್ದ. "ಅಲ್ಲಿ ಎಂತ ಉಂಟು ಮಾರಾಯ?" ಅಂತ ರತ್ನಕ್ಕ ಕೇಳಿದರೆ "ಏನೂ ಇಲ್ಲಮ್ಮ, ಅದಕ್ಕೇ ಹೋಗುದು" ಅನ್ನುತ್ತಿದ್ದ. ಒಂದು ಸಲ ತಾಯಿಯನ್ನೂ ಕರೆದುಕೊಂಡು ಹೋಗಿದ್ದ. ಮರಳು, ಕಲ್ಲು, ಅದರ ಮೇಲೆ ಅಷ್ಟೇ ದೊಡ್ಡ ಆಕಾಶ. ಅವನು ಕಾರಿಗೆ ಒರಗಿ ನಿಂತು ನೋಡಿದ್ದೇ ನೋಡಿದ್ದು. ರತ್ನಕ್ಕನಿಗೆ ಬೇಸರ ಬಂದು ಕಾರೊಳಗೆ ಕೂತು ಕಡಲೆಕಾಯಿ ತಿಂದಿದ್ದರು.

ಅದೇ ರಸ್ತೆಯಲ್ಲಿ ಒಂದು ಶುಕ್ರವಾರ ಕಾರು ಮಗುಚಿ ಅವನು ತೀರಿಕೊಂಡ. ಇಪ್ಪತ್ತೈದು ವರ್ಷ. ಪೊಲೀಸು, ಆಸ್ಪತ್ರೆ, ವಿಮಾನದಲ್ಲಿ ಊರಿಗೆ ದೇಹ ಸಾಗಿಸುವ ಏರ್ಪಾಡು, ಎಲ್ಲದಕ್ಕೂ ಓಡಿದವನು ಕ್ಯಾಲ್ವಿನ್. ಮನೆಗೆ ಬಂದವರೆಲ್ಲ ಒಂದೊಂದು ವಾಕ್ಯ ತಂದರು. ರತ್ನಕ್ಕ ಬಾಯಿ ತೆರೆದು ಅಳಲಿಕ್ಕೆ ಹೊರಟರೆ ಸಾಕು, ಯಾರಾದರೊಬ್ಬರು ಕೈ ಹಿಡಿದು ವಾಕ್ಯ ಹೇಳುತ್ತಿದ್ದರು. ವಾಕ್ಯ ಹೇಳುವಾಗ ಅಳುವುದು ಹೇಗೆ? ತಲೆ ತಗ್ಗಿಸಿ ಆಮೆನ್ ಅನ್ನಬೇಕು. ಹಾಗೆ ಆಮೆನ್ ಅಂದು ಅಂದು ಆ ಅಳು ಗಂಟಲಲ್ಲೇ ಒಣಗಿಹೋಯಿತು.

ಸಮಾಧಿಯ ಕಲ್ಲಿನ ಮೇಲೆ ಹೆಸರು ಮಾತ್ರ ಸಾಕು ಅಂತ ರತ್ನಕ್ಕ ಒಂದೇ ಮಾತು ಹೇಳಿದ್ದರು. ಮರುವರ್ಷ ರಜೆಯಲ್ಲಿ ಮಂಗಳೂರಿಗೆ ಹೋಗಿ ನೋಡಿದರೆ, ಕೊಟ್ಟವನೂ ಆತನೇ ತೆಗೆದುಕೊಂಡವನೂ ಆತನೇ ಎಂಬರ್ಥದ ವಾಕ್ಯ ದಪ್ಪ ಅಕ್ಷರದಲ್ಲಿ ಕಲ್ಲಿನ ತುಂಬ ಕೂತಿತ್ತು. ಸುಪ್ರೀತನ ಹೆಸರು ಅದರ ಕೆಳಗೆ, ಸಣ್ಣದಾಗಿ. "ಖಾಲಿ ಬಿಟ್ರೆ ಚಂದ ಕಾಣ್ತಿರ್ಲಿಲ್ಲ ಅತ್ತಿಗೆ" ಅಂದ ಕ್ಯಾಲ್ವಿನ್. ಇಷ್ಟೆಲ್ಲ ಮಾಡಿದವನಿಗೆ ಏನು ಹೇಳುವುದು? ನುಂಗಲಿಕ್ಕೂ ಆಗದೆ ಉಗುಳಲಿಕ್ಕೂ ಆಗದೆ ರತ್ನಕ್ಕ ಹೂವಿಟ್ಟು ಬಂದರು.

ಆಮೇಲೆ ಬಂದದ್ದು ಆ ಜರ್ಮನ್ ಚಿತ್ರ.

ದೋಹಾದ ಒಂದು ಖಾಸಗಿ ಸಂಗ್ರಹಾಲಯಕ್ಕೆ ಜರ್ಮನಿಯ ಒಂದು ಹಳೆಯ ಸನ್ಯಾಸಿ ಮಠದಿಂದ ಕೆಲವು ಚಿತ್ರಗಳು ಪ್ರದರ್ಶನಕ್ಕೆ ಬಂದಿದ್ದವು. ಬಿಸಿಲು ತಾಗದಂತೆ ಕಿಟಕಿಗಳಿಗೆ ದಪ್ಪ ಪರದೆ ಬೇಕು ಅಂತ ರತ್ನಕ್ಕನ ಅಂಗಡಿಗೆ ಆರ್ಡರು. ಪರದೆ ತೂಗು ಹಾಕಿದ ಮೇಲೆ ನೆಲದ ಅಳತೆಗೆ ಅಂಚು ಮಡಚಿ ಪಿನ್ನು ಹಾಕಬೇಕಲ್ಲ, ಅದಕ್ಕೆ ರತ್ನಕ್ಕ ಹೋಗಿದ್ದರು. ಮೊಣಕಾಲೂರಿ ಪಿನ್ನು ಚುಚ್ಚುತ್ತ ಒಮ್ಮೆ ತಲೆಯೆತ್ತಿದಾಗ ಎದುರು ಗೋಡೆಯಲ್ಲಿ ಅದು ಕಂಡಿತು.

ಇನ್ನೂರು ವರ್ಷ ಹಳೆಯ ಚಿತ್ರವಂತೆ. ಕೆಳಗೆ ಒಂದು ಪಟ್ಟಿ ಮಾತ್ರ ನೆಲ: ಕಂದು ದಿಣ್ಣೆ, ಗಾಳಿಗೆ ವಾಲಿದ ಒಂದು ಮರ, ಒಂದು ಕಾಲುದಾರಿ. ದಾರಿಯಲ್ಲಿ ಉಗುರಿನಷ್ಟು ಎತ್ತರದ ಒಬ್ಬ ಮನುಷ್ಯ, ಬೆನ್ನು ನಮ್ಮ ಕಡೆಗೆ. ಉಳಿದದ್ದೆಲ್ಲ ಆಕಾಶ. ಮೇಲೆ ಬೂದು ನೀಲಿ, ಇಳಿಯುತ್ತ ಇಳಿಯುತ್ತ ತೆಳು ಹಳದಿ. ಸೂರ್ಯನಿಲ್ಲ, ಹಕ್ಕಿಯಿಲ್ಲ, ದೇವದೂತರಿಲ್ಲ. ರತ್ನಕ್ಕ ಅಭ್ಯಾಸಬಲದಿಂದ ಆಕಾಶದಲ್ಲಿ ವಾಕ್ಯ ಹುಡುಕಿದರು. ಇರಲಿಲ್ಲ. ಎದ್ದು ಹತ್ತಿರ ಹೋಗಿ ಮನುಷ್ಯನನ್ನು ಇನ್ನೊಮ್ಮೆ ನೋಡಿದರು. ಕೈ ಎರಡೂ ಜೇಬಿನಲ್ಲಿ. ಸುಪ್ರೀತ್ ನಿಲ್ಲುತ್ತಿದ್ದದ್ದೂ ಹಾಗೆಯೇ.

ಚಿತ್ರಗಳ ಜೊತೆಗೆ ಬಂದಿದ್ದ ಕರಿ ನಿಲುವಂಗಿಯ ಮುದುಕ ಸನ್ಯಾಸಿಯೊಬ್ಬರು ಅಲ್ಲೇ ಕುರ್ಚಿ ಹಾಕಿ ಕೂತಿದ್ದರು. ರತ್ನಕ್ಕ ಅಂಗಡಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಕೇಳಿಯೇ ಬಿಟ್ಟರು: "ಇದರ ಮೇಲೆ ಏನೂ ಬರೆದಿಲ್ಲವಲ್ಲ ಫಾದರ್?"

"ಎಲ್ಲಿ ಬರೆಯಬೇಕಿತ್ತು?"

ರತ್ನಕ್ಕ ಪಿನ್ನು ಹಿಡಿದ ಕೈಯಲ್ಲೇ ಆಕಾಶ ತೋರಿಸಿದರು. ಸನ್ಯಾಸಿ ನಕ್ಕರು. ಚಿತ್ರ ತೂಗುವುದು ತಮ್ಮ ಮಠದ ಒಂದು ಓಣಿಯಲ್ಲಿ, ಅಲ್ಲಿ ಯಾರೂ ಮಾತಾಡುವ ಹಾಗಿಲ್ಲ ಅಂದರು. "ನಾವು ಬೆಳಗಿನಿಂದ ರಾತ್ರಿಯವರೆಗೆ ದೇವರ ಮಾತು ಹಾಡುವವರು. ಅದರ ಮೇಲೆ ಗೋಡೆಯೂ ಮಾತಾಡಬೇಕೆ?"

ರತ್ನಕ್ಕನ ಕಣ್ಣು ತುಂಬಿತು. ಪಿನ್ನು ಚುಚ್ಚಿತು ಅಂತ ಸುಳ್ಳು ಹೇಳಿ ಬೆರಳು ಬಾಯಿಗಿಟ್ಟುಕೊಂಡರು. ಹೊರಡುವಾಗ ಅನುಮತಿ ಕೇಳಿ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರು.

ಆ ಚಿತ್ರವನ್ನು ಕಸೂತಿ ಹಾಕಿ ಮಗನ ಹೆಸರಿನಲ್ಲಿ ಬೆಳೆ ಹಬ್ಬಕ್ಕೆ ಕೊಡುವುದು ಅಂತ ಅವರು ನಿಶ್ಚಯಿಸಿದ್ದು ಮನೆಗೆ ಬರುವ ದಾರಿಯಲ್ಲಿ. ಬೆಳೆ ಹಬ್ಬ ಅಂದರೆ ಊರಿನಲ್ಲಿ ಮೊದಲ ಫಲವನ್ನು ದೇವಾಲಯಕ್ಕೆ ತರುವ ಹಬ್ಬ. ದೋಹಾದಲ್ಲಿ ಬೆಳೆಯುವುದು ಬಾಡಿಗೆ ಮಾತ್ರ. ಆದರೂ ಜನ ಬಿಡುವುದಿಲ್ಲ. ಬಾಲ್ಕನಿಯ ಕುಂಡದ ಕರಿಬೇವು ತರುತ್ತಾರೆ, ಸೂಪರ್ ಮಾರ್ಕೆಟಿನ ಕುಂಬಳಕಾಯಿಯನ್ನು ಬೆಲೆಚೀಟಿ ಕೀಳದೆಯೇ ತರುತ್ತಾರೆ, ಹೆಂಗಸರು ಕೈಕೆಲಸ ತರುತ್ತಾರೆ. ತೀರಿಕೊಂಡವರ ಹೆಸರಿನಲ್ಲಿ ಕೊಟ್ಟ ವಸ್ತುವಾದರೆ ಸಭೆಯ ಹಿರಿಯ ಎದ್ದು ಆ ಹೆಸರು ಓದಿ, ಒಂದು ವಾಕ್ಯ ಹೇಳುತ್ತಾನೆ.

ಬಟ್ಟೆ ಅಂಗಡಿಯಲ್ಲೇ ಸಿಕ್ಕಿತು. ಅಲ್ ಅಜೀಜಿಯಾದ ಒಂದು ವಿಲ್ಲಾದವರು ಪಶ್ಚಿಮದ ಕಿಟಕಿಯ ಹಳೆಯ ಪರದೆಯನ್ನು ಬಿಚ್ಚಿ ಎಸೆಯಲು ಕೊಟ್ಟಿದ್ದರು. ಒಂದು ಕಾಲದಲ್ಲಿ ಇಡೀ ಪರದೆ ಬೂದು ನೀಲಿ. ಮೇಲಿನ ಪಟ್ಟಿಯ ಮರೆಯಲ್ಲಿದ್ದ ಭಾಗ ಹಾಗೆಯೇ ಉಳಿದಿತ್ತು. ಕೆಳಗೆ ವರ್ಷಗಟ್ಟಲೆ ಬಿಸಿಲು ತಿಂದು ಬಣ್ಣ ಇಳಿದು ಇಳಿದು ತೆಳು ಹಳದಿಯಾಗಿತ್ತು. ರತ್ನಕ್ಕ ಅದನ್ನು ಮೇಜಿನ ಮೇಲೆ ಹರಡಿ ಫೋನಿನ ಫೋಟೋ ಪಕ್ಕದಲ್ಲಿಟ್ಟು ಬಹಳ ಹೊತ್ತು ನಿಂತರು. ಜರ್ಮನಿಯವನು ಬಣ್ಣದಲ್ಲಿ ಮಾಡಿದ್ದನ್ನು ದೋಹಾದ ಬಿಸಿಲು ಬಿಟ್ಟಿ ಮಾಡಿಟ್ಟಿತ್ತು.

ಆ ಬೇಸಿಗೆಯಿಡೀ ಸಂಜೆ ಕೂತು ಅವರು ದಿಣ್ಣೆ ಹಾಕಿದರು, ಮರ ಹಾಕಿದರು, ದಾರಿ ಹಾಕಿದರು, ಕೊನೆಗೆ ಆ ಮನುಷ್ಯನನ್ನು ಹಾಕಿದರು. ಆಕಾಶಕ್ಕೆ ಒಂದು ಎಳೆಯನ್ನೂ ತಾಗಿಸಲಿಲ್ಲ. ಅಂಗಡಿಯಲ್ಲಿ ಪಕ್ಕದ ಮಿಷಿನಿನಲ್ಲಿ ಕೂರುವ ಉಳ್ಳಾಲದ ಹಬೀಬಾ ನೋಡಿ, "ರತ್ನಕ್ಕ, ಇನ್ನು ಮೇಲಿನದ್ದು ಯಾವಾಗ ಮಾಡುದು?" ಅಂತ ಕೇಳಿದಳು.

"ಖಲಾಸ್. ಮುಗಿದಿದೆ."

"ಇಷ್ಟು ಜಾಗ ಹಾಗೇ ಬಿಡುದಾ?"

"ಹಾಗೇ ಬಿಡುದು."

ಹಬೀಬಾ ತಲೆ ವಾಲಿಸಿ ನೋಡಿದಳು. "ನಮ್ಮ ಮನೆಯ ಗೋಡೆಯಲ್ಲಿ ಬರಹ ಮಾತ್ರ, ಚಿತ್ರ ಇಲ್ಲ. ನಿಮ್ಮವರದ್ದರಲ್ಲಿ ಎರಡೂ ಉಂಟು. ನೀವೊಬ್ರು ಬರಹ ಬೇಡ ಅಂತೀರಿ. ನಿಮಗೆ ಪೆಟ್ಟು ಬೀಳ್ತದೆ ನೋಡಿ" ಅಂದು ನಕ್ಕಳು. ಆಮೇಲೆ ಆ ಸಣ್ಣ ಮನುಷ್ಯನನ್ನು ನೋಡಿ ಅವಳ ನಗು ನಿಂತಿತು. ಸುಪ್ರೀತನನ್ನು ಅವಳು ಚಿಕ್ಕಂದಿನಿಂದ ಕಂಡವಳು. ಮಿಷಿನಿಗೆ ತಿರುಗಿ ಕೂತಳು.

ಪೆಟ್ಟು ಬಿದ್ದದ್ದು ಹಬ್ಬಕ್ಕೆ ವಾರವಿರುವಾಗ. ಕ್ಯಾಲ್ವಿನ್ ಹೆಂಡತಿ ಮರೀನಾಳ ಜೊತೆ ರತ್ನಕ್ಕನ ಫ್ಲ್ಯಾಟಿಗೆ ಬಂದ. ಕಸೂತಿಯನ್ನು ನೋಡಿ ಮನಸಾರೆ ಹೊಗಳಿದ. ಆಮೇಲೆ ಆಕಾಶದ ಮೇಲೆ ಬೆರಳಾಡಿಸಿ, "ಇಲ್ಲಿ ಆ ಬೆಟ್ಟದ ವಾಕ್ಯ, ಬೆಟ್ಟಗಳ ಕಡೆ ಕಣ್ಣೆತ್ತುತ್ತೇನೆ ಅಂತ ಉಂಟಲ್ಲ, ಅದನ್ನು ಹಾಕಿದ್ರೆ ಕರೆಕ್ಟಾಗಿ ಕೂರ್ತದೆ" ಅಂದ.

"ವಾಕ್ಯ ಬೇಡ."

"ವಾಕ್ಯ ಇಲ್ಲದೆ ಹೇಗೆ ಅತ್ತಿಗೆ? ಪೀಠದ ಪಕ್ಕ ತೂಗುದು. ನಮಗೆ ಈ ಕಲೆ ಕಲಿಸಿದ್ದೇ ಜರ್ಮನ್‌ನವರು. ಅವರು ಮನೆಮನೆಗೂ ವಾಕ್ಯ ಹಚ್ಚಿ ಹೋದ್ರು. ಜರ್ಮನ್ ಚಿತ್ರ ಹಾಕಿ ವಾಕ್ಯ ಬೇಡ ಅಂದ್ರೆ?"

"ಈ ಚಿತ್ರ ಬರೆದವನೂ ಜರ್ಮನ್‌ನವನೇ. ಅವನ ಕೈಯಲ್ಲಿ ಬ್ರಷ್ ಇತ್ತು, ಬೇಕಾದಷ್ಟು ಜಾಗವೂ ಇತ್ತು. ಅವನು ಬರೀಲಿಲ್ಲ. ಇನ್ನೂರು ವರ್ಷ ಇಟ್ಕೊಂಡ ಸನ್ಯಾಸಿಗಳೂ ಬರೀಲಿಲ್ಲ. ನಿನಗೆ ಯಾಕೆ ಇಷ್ಟು ಅರ್ಜೆಂಟು?"

"ಅವರು ಕ್ಯಾಥೊಲಿಕ್ ಸನ್ಯಾಸಿಗಳು. ನಮ್ಮ ಕ್ರಮ ಬೇರೆ." ಅವನು ದನಿ ತಗ್ಗಿಸಿದ. "ಸುಪ್ರೀತನ ಹೆಸರಿನಲ್ಲಿ ಕೊಡುದು. ಖಾಲಿ ಬಿಟ್ರೆ ಜನ ಎಂತ ತಿಳ್ಕೊಳ್ತಾರೆ? ತಾಯಿಗೆ ನಿರೀಕ್ಷೆಯೇ ಇಲ್ಲ ಅಂತ."

ರತ್ನಕ್ಕ ಎದ್ದು ನಿಂತರು. "ಅವನ ಕಲ್ಲಿನ ಮೇಲೆ ನೀನು ಬರೆಸಿದಿ. ನಾನು ಸುಮ್ಮನಿದ್ದೆ. ಇದು ನನ್ನ ಕೈಯಿಂದ ಆದದ್ದು. ಇದರಲ್ಲಿ ಅವನಿಗೆ ಒಂದು ಖಾಲಿ ಜಾಗ ಕೊಟ್ಟಿದ್ದೇನೆ, ಅಲ್ಲಿಗೆ ಯಾರೂ ಬರ್ಲಿಕ್ಕಿಲ್ಲ. ತೂಗ್ಲಿಕ್ಕೆ ಆಗದಿದ್ರೆ ಬೇಡ, ನನ್ನ ಗೋಡೆ ಉಂಟು."

ಕ್ಯಾಲ್ವಿನ್ ಮುಖ ಕೆಂಪಗೆ ಮಾಡಿಕೊಂಡು ಲಿಫ್ಟಿನ ಕಡೆ ನಡೆದ. ಹಿಂದೆ ಉಳಿದ ಮರೀನಾ ರತ್ನಕ್ಕನ ಕೈ ಹಿಡಿದು, "ಅಕ್ಕ, ನೀವು ಬೇಜಾರ್ ಮಾಡ್ಬೇಡಿ. ಕೊಡಿ, ನಾನು ಇಸ್ತ್ರಿ ಹಾಕಿಸಿ ತೂಗ್ತೇನೆ. ಇವರನ್ನು ನಾನು ಹೇಗಾದ್ರೂ ಒಪ್ಪಿಸ್ತೇನೆ" ಅಂದಳು. ಮರೀನಾ ಜೀವಮಾನವಿಡೀ ಅಡ್ಡಗೋಡೆಯ ಮೇಲೆ ದೀಪ ಇಟ್ಟೇ ಸಂಸಾರ ಮಾಡಿದವಳು. ರತ್ನಕ್ಕ ಅದನ್ನು ಮರೆತದ್ದೇ ತಪ್ಪು. ಬಟ್ಟೆಯನ್ನು ಸುತ್ತಿ, ಮೇಲಂಚಿಗೆ ತೂರಿಸುವ ಪರದೆ ಕೋಲನ್ನೂ ಕೊಟ್ಟು ಕಳಿಸಿದರು.

ಹಬ್ಬದ ಶುಕ್ರವಾರ ಚರ್ಚುಗಳ ಆವರಣದಲ್ಲಿ ಎಂದಿನ ಜಾತ್ರೆ. ಒಂದು ಹಾಲ್‌ನಲ್ಲಿ ಮಲಯಾಳಿಗಳು, ಇನ್ನೊಂದರಲ್ಲಿ ಫಿಲಿಪೀನಿನವರು. ಕನ್ನಡದವರ ಹೊತ್ತು ಮುಗಿದ ಕೂಡಲೇ ಅದೇ ಹಾಲ್‌ಗೆ ತಮಿಳರ ಸರದಿ. ರತ್ನಕ್ಕ ಬಾಗಿಲು ದಾಟಿ ಒಳಗೆ ಕಾಲಿಟ್ಟು, ಕುಂಬಳಕಾಯಿಗಳ ಸಾಲಿನ ಮೇಲೆ, ಪೀಠದ ಪಕ್ಕದ ಗೋಡೆಯನ್ನು ನೋಡಿದರು.

ಆಕಾಶದ ತುಂಬ ಚಿನ್ನದ ನೂಲಿನ ಅಕ್ಷರಗಳು. ಎರಡು ಸಾಲು. ಬೆಟ್ಟದ ವಾಕ್ಯ. ಮರೀನಾ ಸೂಕ್ ವಾಕಿಫ್ ಪೇಟೆಯ ಹತ್ತಿರ, ಅರಬ್ಬಿ ಹೆಂಗಸರ ನಿಲುವಂಗಿ ಅಬಾಯಾಕ್ಕೆ ಕಸೂತಿ ಹಾಕುವ ಅಂಗಡಿಗೆ ಕೊಟ್ಟು ಮಿಷಿನಿನಲ್ಲಿ ಹಾಕಿಸಿದ್ದಳು. ಕೆಲಸ ಅಂದವಾಗಿತ್ತು, ಅದನ್ನು ಒಪ್ಪಬೇಕು. ಕೆಳಗೆ ನಿಂತಿದ್ದ ಹೆಂಗಸರು "ಎಷ್ಟು ಚಂದ ಆಗಿದೆ ರತ್ನಕ್ಕ, ಈಗ ಪೂರ್ತಿ ಆಯ್ತು" ಅಂದರು. ಮರೀನಾ ಹೆದರಿದ ನಗುವಿನಲ್ಲಿ ನಿಂತಿದ್ದಳು.

ರತ್ನಕ್ಕನಲ್ಲಿ ಒಂದು ಕ್ಷಣ ಹಳೆಯ ಅಭ್ಯಾಸವೇ ಮೇಲೆ ಬಂತು: ತಲೆ ತಗ್ಗಿಸು, ಆಮೆನ್ ಅನ್ನು, ಹೋಗಿ ಕೂತುಕೋ. ಆ ಸಣ್ಣ ಮನುಷ್ಯನ ತಲೆಯ ಮೇಲೆ ಅಕ್ಷರಗಳು ಭಾರವಾಗಿ ಕೂತದ್ದು ಕಂಡಿತು. ಅವನಿಗೆ ಮುಂದೆ ಹೋಗಲಿಕ್ಕೆ ದಾರಿಯೇ ಇರಲಿಲ್ಲ.

ಅವರು ನೇರ ನಡೆದು ಹೋಗಿ ಕೋಲನ್ನು ಗೋಡೆಯ ಮೊಳೆಗಳಿಂದ ಎತ್ತಿ ಇಳಿಸಿದರು. ಮುಂದಿನ ಮೇಜಿನ ಮೇಲಿದ್ದ ಕುಂಬಳಕಾಯಿಗಳನ್ನು ಒಂದೊಂದಾಗಿ ನೆಲಕ್ಕಿಟ್ಟು ಬಟ್ಟೆಯನ್ನು ಬೆನ್ನು ಮೇಲೆ ಮಾಡಿ ಹರಡಿದರು. ಕನ್ನಡಕ ಹಾಕಿಕೊಂಡರು. ವ್ಯಾನಿಟಿ ಬ್ಯಾಗಿನಿಂದ ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ತೆಗೆದು ಮೊದಲ ಅಕ್ಷರದ ಅಡಿನೂಲನ್ನು ಪಟ್ ಅಂತ ಕತ್ತರಿಸಿದರು.

ಕ್ಯಾಲ್ವಿನ್ ಓಡಿಬಂದ. "ಅತ್ತಿಗೆ, ಎಂತ ಮಾಡ್ತಾ ಇದ್ದೀರಿ? ದೇವರ ವಾಕ್ಯ ಅದು."

"ದೇವರ ವಾಕ್ಯ ದೇವರ ಹತ್ರ ಉಂಟು. ಇದು ನೂಲು."

"ಎಲ್ಲರೂ ನೋಡ್ತಾ ಇದ್ದಾರೆ. ಅಯ್ಯನವರು ಬಂದ್ರು. ಆಮೇಲೆ ತಮಿಳಿನವರಿಗೆ ಹಾಲ್ ಬಿಡ್ಬೇಕು."

"ನೀವು ಶುರು ಮಾಡಿ. ನಾನು ಇಲ್ಲೇ ಇರ್ತೇನೆ. ಕಲ್ಲಿನ ಮೇಲೆ ಬರೆದದ್ದನ್ನು ಬಿಚ್ಲಿಕ್ಕೆ ನನಗೆ ಬರುದಿಲ್ಲ ಕ್ಯಾಲ್ವಿನ್. ಬಟ್ಟೆಯದ್ದು ಬರ್ತದೆ. ಇವತ್ತು ನನ್ನನ್ನು ಇಲ್ಲಿಂದ ಎಬ್ಬಿಸ್ಬೇಕಾದ್ರೆ ಎತ್ತಿಯೇ ಒಯ್ಯಬೇಕು, ಹೇಳಿದ್ದೇನೆ."

ಅಯ್ಯನವರು ಅಂದರೆ ಪಾದ್ರಿಗಳು. ಅವರು ಕ್ಯಾಲ್ವಿನ್‌ನನ್ನು ನೋಡಿದರು, ರತ್ನಕ್ಕನನ್ನು ನೋಡಿದರು, ಗಡಿಯಾರ ನೋಡಿದರು, ಮೊದಲನೇ ಹಾಡು ಹೇಳಿಸಿದರು. ಸಭೆ ಎದ್ದು ಹಾಡಿತು. ಬಿಚ್ಚುತ್ತ ಬಿಚ್ಚುತ್ತ ರತ್ನಕ್ಕನೂ ಹಾಡಿದರು, ಒಂದು ಚರಣವೂ ತಪ್ಪದೆ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ ಅವರೊಬ್ಬರೇ ಕಣ್ಣು ಬಿಟ್ಟುಕೊಂಡು ನೂಲೆಳೆದರು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದು ತಣ್ಣಗಾಯಿತು.

ಅಯ್ಯನವರು ಪೀಠದಿಂದ ಪ್ರಸಂಗ ಹೇಳುತ್ತಿದ್ದ ನಡುವೆ ಮರೀನಾ ಮೆಲ್ಲನೆ ಬಂದು ಪಕ್ಕದಲ್ಲಿ ಕೂತಳು. "ಅಕ್ಕ, ನಾನು ಪ್ರೀತಿಯಿಂದಲೇ ಹಾಕಿಸಿದ್ದು" ಅಂದಳು. ಅವಳ ಗಲ್ಲ ಒದ್ದೆಯಾಗಿತ್ತು.

"ಗೊತ್ತುಂಟು. ಅದಕ್ಕೇ ಒಂದೊಂದೇ ಎಳೆ ಬಿಚ್ತಾ ಇರುದು. ಇಲ್ಲದಿದ್ರೆ ಕತ್ತರಿ ಹಾಕ್ತಿದ್ದೆ."

ಮರೀನಾ ಬಟ್ಟೆಯ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಬಿಗಿ ಹಿಡಿದರೆ ಬಿಚ್ಚುವುದು ಸುಲಭ. ಕ್ಯಾಲ್ವಿನ್ ಅದನ್ನು ಪೀಠದ ಪಕ್ಕದಿಂದ ನೋಡಿದ.

ಪ್ರಸಂಗ ಮುಗಿಯುವಾಗ ಕೊನೆಯ ಅಕ್ಷರವೂ ಬಿಚ್ಚಿ ಬಂತು. ಮೇಜಿನ ಮೇಲೆ ಚಿನ್ನದ ನೂಲಿನ ಒಂದು ಸಣ್ಣ ರಾಶಿ. ಬಟ್ಟೆ ತಿರುಗಿಸಿದರೆ ಆಕಾಶದ ತುಂಬ ಸೂಜಿಯ ತೂತುಗಳು. "ಉಗುರಲ್ಲಿ ಉಜ್ಜಿ ಇಸ್ತ್ರಿ ಹಾಕಿದ್ರೆ ಮುಚ್ತದೆ ಅಕ್ಕ, ನಾನು ಮಾಡಿಕೊಡ್ತೇನೆ" ಅಂದಳು ಮರೀನಾ.

"ಬೇಡ. ಹಾಕಿದ್ದೂ ಕಾಣ್ಲಿ, ತೆಗೆದದ್ದೂ ಕಾಣ್ಲಿ."

ಇಬ್ಬರೂ ಸೇರಿ ಅದನ್ನು ಮತ್ತೆ ಗೋಡೆಗೆ ತೂಗಿದರು. ರತ್ನಕ್ಕ ಕೂರಲಿಲ್ಲ. ಅದರ ಪಕ್ಕದಲ್ಲೇ, ಕಾವಲಿಗೆ ನಿಂತವರಂತೆ, ಕೊಕ್ಕೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ನಿಂತರು.

ಹೆಸರು ಓದುವ ಹೊತ್ತು ಬಂತು. ಕ್ಯಾಲ್ವಿನ್ ಎದ್ದ. ಬೇರೆಯವರ ಹೆಸರುಗಳನ್ನು ಓದಿ, ಒಂದೊಂದಕ್ಕೂ ಒಂದೊಂದು ವಾಕ್ಯ ಹೇಳಿದ. ಕೊನೆಗೆ ನಿಲ್ಲಿಸಿ ಕೆಮ್ಮಿದ.

"ಸುಪ್ರೀತ್" ಅಂದ. ಅವನ ದನಿ ಒಡೆಯಿತು. ಹುಡುಗನಿಗೆ ಸೈಕಲ್ ಕಲಿಸಿದವನು ಅವನೇ. ಅಭ್ಯಾಸದಂತೆ ವಾಕ್ಯಕ್ಕೆ ಬಾಯಿ ತೆರೆದ.

"ಸಾಕು ಕ್ಯಾಲ್ವಿನ್" ಅಂದರು ರತ್ನಕ್ಕ. ಜೋರಾಗಿ ಅಲ್ಲ. ಆದರೆ ಕೊನೆಯ ಸಾಲಿನವರಿಗೂ ಕೇಳಿತು.

ಅವನು ಅತ್ತಿಗೆಯನ್ನು ನೋಡಿದ, ಗೋಡೆಯ ಮೇಲಿನ ತೂತು ತೂತಾದ ಆಕಾಶವನ್ನು ನೋಡಿದ, ಬಾಯಿ ಮುಚ್ಚಿದ. ಹಾಲ್‌ನಲ್ಲಿ ಏಸಿಯ ಸದ್ದು ಮಾತ್ರ ಉಳಿಯಿತು. ತಮ್ಮ ಸರದಿಗೆ ಬಂದ ತಮಿಳರು ಬಾಗಿಲಲ್ಲಿ ಇಣುಕಿ, ಯಾಕೋ ಅಲ್ಲೇ ನಿಂತರು. ರತ್ನಕ್ಕ ಗೋಡೆಗೆ ಒರಗಿ, ಅಷ್ಟೂ ಜನರ ಎದುರು, ದನಿ ತೆಗೆದು ಅತ್ತರು. ಸೆರಗು ಬಾಯಿಗಿಡಲಿಲ್ಲ, ತಲೆ ತಗ್ಗಿಸಲಿಲ್ಲ. ಅವರು ಅತ್ತು ಮುಗಿಸುವವರೆಗೆ ಯಾರೂ ಒಂದು ವಾಕ್ಯ ಹೇಳಲಿಲ್ಲ.